ಮುಖಪುಟಕ್ಕೆ ಜನ ಬರುತ್ತಾರೆ, ಹಪ್ಪಳ ಕೊಳ್ಳದೆ ಹೋಗುತ್ತಾರೆ: ತೊಂದರೆ ಎಲ್ಲಿದೆ?

ಹಪ್ಪಳದ ಮನೆ, ಕಾಪು (ಜುಲೈ 6)

ಎಲ್ಲರಿಗೂ ನಮಸ್ಕಾರ. ಕಾಪುವಿನ ನಮ್ಮ ಮನೆಯಲ್ಲಿ ಆರು ಮಂದಿ ಹೆಂಗಸರು ಸೇರಿ ಹಲಸಿನಕಾಯಿ ಹಪ್ಪಳ, ಸಂಡಿಗೆ, ಮಾವಿನ ಮಿಡಿ ಉಪ್ಪಿನಕಾಯಿ ಮತ್ತು ಪುನರ್ಪುಳಿ (ಮುರುಗಲು ಹಣ್ಣಿನ) ಸಿರಪ್ ತಯಾರಿಸುತ್ತೇವೆ. ಉಡುಪಿಯ ಎರಡು ಅಂಗಡಿಗಳಿಗೆ ಕೊಟ್ಟ ಮಾಲು ಆಟಿ ತಿಂಗಳು (ಜುಲೈ–ಆಗಸ್ಟ್ ನಡುವಿನ ತುಳು ತಿಂಗಳು) ಮುಗಿಯುವ ಮೊದಲೇ ಖಾಲಿಯಾಗುತ್ತದೆ. ಬೆಂಗಳೂರು, ಮುಂಬೈಗಳಲ್ಲಿ ನೆಲೆಸಿರುವ ನಮ್ಮ ಕಡೆಯವರೂ ತರಿಸಿಕೊಳ್ಳಲಿ ಎಂದು ಎರಡು ವರ್ಷಗಳ ಹಿಂದೆ ಒಬ್ಬರಿಂದ ಜಾಲತಾಣ ಮಾಡಿಸಿದೆವು. ಗೂಗಲ್ ಅನಲಿಟಿಕ್ಸ್ ಲೆಕ್ಕದಂತೆ ತಿಂಗಳಿಗೆ ಸುಮಾರು 500 ಮಂದಿ ಮುಖಪುಟಕ್ಕೆ ಬರುತ್ತಾರೆ, ಹೆಚ್ಚಿನವರು ಮೊಬೈಲಿನಿಂದ. ಆದರೆ ಆರ್ಡರ್ ಬರುವುದು ಮೂರೋ ನಾಲ್ಕೋ, ಕೆಲವು ತಿಂಗಳು ಅದೂ ಇಲ್ಲ.

ಮುಖಪುಟದಲ್ಲಿ ಮೇಲ್ಗಡೆ ಐದು ದೊಡ್ಡ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ: ಕಾಪುವಿನ ದೀಪಸ್ತಂಭ, ಮಲ್ಪೆ ಕಡಲತೀರ, ರಥಬೀದಿ, ಹಲಸಿನ ಮರ, ಕೊನೆಗೆ ಹಪ್ಪಳ. ಅದರ ಕೆಳಗೆ ಸ್ವಾಗತದ ಮಾತು, ಆಮೇಲೆ ನಮ್ಮ ಅಜ್ಜಿ ಈ ಕೆಲಸ ಆರಂಭಿಸಿದ ಕಥೆ, ಕೊನೆಯಲ್ಲಿ ಫೋನ್ ನಂಬರು ಮತ್ತು ವಾಟ್ಸ್ಯಾಪ್ ಗುಂಡಿ. ಜಾಹೀರಾತಿಗೆ ತಿಂಗಳಿಗೆ ಐದು ಸಾವಿರ ಹಾಕಿದರೆ ಸರಿಯಾಗುತ್ತದೆ ಎಂದು ಜಾಲತಾಣ ಮಾಡಿಕೊಟ್ಟವರು ಹೇಳುತ್ತಿದ್ದಾರೆ. ಹಾಕಬಹುದೇ?

ಪುಟವಿನ್ಯಾಸ, ಕೊಡಿಯಾಲಬೈಲು (ಜುಲೈ 6)

ಸದ್ಯಕ್ಕೆ ಆ ಐದು ಸಾವಿರವನ್ನು ಕೈಯಲ್ಲೇ ಇಟ್ಟುಕೊಳ್ಳಿ. ಸೋರುವ ಕೊಡಪಾನಕ್ಕೆ ಇನ್ನಷ್ಟು ನೀರು ಹೊಯ್ದು ಪ್ರಯೋಜನವಿಲ್ಲ.

ನಾನು ಮಂಗಳೂರಿನ ಪಿವಿಎಸ್ ವೃತ್ತದ ಬಳಿಯ ಬಸ್ ನಿಲ್ದಾಣದಲ್ಲಿ ಕುಳಿತು, ವೈಫೈ ಇಲ್ಲದೆ, ಬರೀ ಮೊಬೈಲ್ ಡೇಟಾದಲ್ಲಿ ನಿಮ್ಮ ಪುಟವನ್ನು ತೆರೆದೆ. ಮೊದಲ ಚಿತ್ರ ಪೂರ್ತಿ ಮೂಡಲು 11 ಸೆಕೆಂಡ್ ಹಿಡಿಯಿತು. ಆ ಹೊತ್ತಿಗೆ ಬಸ್ಸೇ ಬಂದುಬಿಟ್ಟಿತು. ಹಾಗೆ ಕಾದು ಸಿಕ್ಕಿದ್ದು ದೀಪಸ್ತಂಭ. 1901ರ ಆ ದೀಪಸ್ತಂಭ ನನಗೂ ಇಷ್ಟವೇ, ಆದರೆ ಅದನ್ನು ನೋಡಿದ ಅಪರಿಚಿತರಿಗೆ ಇದು ಪ್ರವಾಸ ಏರ್ಪಡಿಸುವವರ ಪುಟವೋ ಹೋಮ್‌ಸ್ಟೇಯೋ ಎಂಬ ಸಂಶಯ ಬರುತ್ತದೆಯೇ ಹೊರತು ಹಪ್ಪಳದ ನೆನಪಾಗುವುದಿಲ್ಲ. ಹಪ್ಪಳದ ಚಿತ್ರ ಐದನೆಯದು. ಅಲ್ಲಿಯವರೆಗೆ ಯಾರೂ ಕಾಯುವುದಿಲ್ಲ.

ಮೊದಲು ಸರಿಯುವ ಚಿತ್ರಗಳನ್ನು ತೆಗೆದುಹಾಕಿ, ಒಂದೇ ಚಿತ್ರ ಇಡಿ. ಎಣ್ಣೆಯಿಂದ ಆಗಷ್ಟೇ ತೆಗೆದ, ಗುಳ್ಳೆಯೆದ್ದ, ಅಂಚು ತುಸು ಕೆಂಪಾದ ಹಪ್ಪಳವನ್ನು ಬಾಳೆಲೆಯ ಮೇಲಿಟ್ಟು ಹತ್ತಿರದಿಂದ ತೆಗೆದ ಚಿತ್ರ ಸಾಕು. ಅದರ ಜೊತೆಯಲ್ಲೇ, ಬೆರಳಾಡಿಸುವ ಮೊದಲೇ ಕಾಣುವಂತೆ, ಏನು ಮಾರುತ್ತೀರಿ, ಎಲ್ಲಿ ತಯಾರಾಗಿದೆ, ಬೆಲೆ ಎಷ್ಟು, ತರಿಸಿಕೊಳ್ಳುವುದು ಹೇಗೆ ಎಂಬುದು ಇರಲಿ. ಈಗ ಅಲ್ಲಿರುವ ‘ಪರಂಪರೆಯ ರುಚಿ, ಗುಣಮಟ್ಟದ ಖಾತರಿ’ ಎಂಬ ಸಾಲನ್ನು ಬೇಳೆಯವರೂ ಬಳಸಬಹುದು, ಬಿಸ್ಕತ್ತಿನವರೂ ಬಳಸಬಹುದು. ಅದರ ಬದಲು ‘ಕಾಪುವಿನಲ್ಲಿ ಕೈಯಲ್ಲೇ ಒತ್ತಿ, ಬೇಸಗೆಯ ಬಿಸಿಲಿನಲ್ಲಿ ಒಣಗಿಸಿದ ಹಲಸಿನಕಾಯಿ ಹಪ್ಪಳ, 25 ಹಪ್ಪಳದ ಕಟ್ಟಿಗೆ ಇಷ್ಟು ರೂಪಾಯಿ’ ಎಂದು ಬರೆದರೆ ಅದು ನಿಮ್ಮದೇ ಮಾತಾಗುತ್ತದೆ.

ವೇಗದ ವಿಷಯದಲ್ಲಿ, ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಅವರದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ತಾಣದಲ್ಲಿ ನಿಮ್ಮ ಪುಟದ ವಿಳಾಸ ಕೊಟ್ಟರೆ ಉಚಿತವಾಗಿ ನೋಡಬಹುದು. ನಿಮ್ಮ ಒಂದೊಂದು ಚಿತ್ರವೂ ಕ್ಯಾಮೆರಾದಿಂದ ಬಂದ ಹಾಗೆಯೇ 4 ಎಂಬಿ ಮೀರಿದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200 ಕೆಬಿಯೊಳಗೆ ಬರುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ (ನೋಡುವವರು ಅಲ್ಲಿಗೆ ಬಂದಾಗಲಷ್ಟೇ ಚಿತ್ರ ತರುವ ವ್ಯವಸ್ಥೆ) ಇರಲಿ, ಆದರೆ ಮೇಲಿನ ಮೊದಲ ಚಿತ್ರಕ್ಕೆ ಅದನ್ನು ಹಾಕಬೇಡಿ. ಹಾಕಿದರೆ ಮೊದಲು ಬರಬೇಕಾದದ್ದೇ ತಡವಾಗುತ್ತದೆ.

ಹಪ್ಪಳದ ಮನೆ, ಕಾಪು (ಜುಲೈ 9)

ತಾವು ಹೇಳಿದಂತೆ ಮಗನನ್ನು ಕೂರಿಸಿಕೊಂಡು ಬದಲಾಯಿಸಿದೆ. ಪುಟ ಈಗ ಬೇಗ ತೆರೆಯುತ್ತದೆ. ಆದರೆ ಎರಡು ಹೊಸ ತೊಂದರೆಗಳು ಎದುರಾಗಿವೆ. ಗುಂಡಿಯ ಮೇಲೆ ‘ಹಪ್ಪಳ ತರಿಸಿಕೊಳ್ಳಿ’ ಎಂದು ಬರೆದರೆ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತಾಗಿ ‘ಹಪಳ’ ಎಂದೇ ಓದಿಕೊಳ್ಳುವ ಹಾಗಿದೆ. ಇನ್ನೊಂದು, ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟಿದ್ದ ವಿವರಣೆಯನ್ನು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಇದೇ ಕಾರಣಕ್ಕೆ ಮೊದಲು ಮಾಡಿಕೊಟ್ಟವರು ಕನ್ನಡ ಬರಹವನ್ನೆಲ್ಲ ಚಿತ್ರ ಮಾಡಿ ಹಾಕಿದ್ದರೆಂದು ಈಗ ತಿಳಿಯಿತು.

ಪುಟವಿನ್ಯಾಸ, ಕೊಡಿಯಾಲಬೈಲು (ಜುಲೈ 9)

ಸಿದ್ಧ ವಿನ್ಯಾಸಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕೆಂದೇ ಹೊಲಿದ ಅಂಗಿಗಳು. ನಮ್ಮ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ ಎಂಬ ಲೆಕ್ಕವೇ ಅವುಗಳಲ್ಲಿ ಇರುವುದಿಲ್ಲ. ಗುಂಡಿಗೆ ಕೊಟ್ಟಿರುವ ನಿಗದಿತ ಎತ್ತರವನ್ನು ತೆಗೆದು, ಮೇಲೆ ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟು, ಲೈನ್-ಹೈಟ್ (ಸಾಲಿನ ಎತ್ತರ) ಅನ್ನು ಅಕ್ಷರದ ಗಾತ್ರದ 1.6ರಷ್ಟು ಮಾಡಿ. ಆಗಲೂ ಕತ್ತರಿಸಿದರೆ ಓವರ್‌ಫ್ಲೋ ಹಿಡನ್ ಎಂಬ, ಚೌಕಟ್ಟಿನಿಂದ ಹೊರಚಾಚಿದ್ದನ್ನು ಮರೆಮಾಡುವ ಸೂಚನೆ ಎಲ್ಲೋ ಅಡಗಿರುತ್ತದೆ, ಹುಡುಕಿ ತೆಗೆಯಿರಿ.

ನುಡಿಯ ಹಳೆಯ ಬರಹ ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ಆ ಫಾಂಟ್ ಇಲ್ಲದ ಕಡೆ ಹಾಗೆಯೇ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಒಮ್ಮೆ ಪೂರ್ತಿ ಓದಿ ನೋಡಿ, ಅರ್ಕಾವತ್ತು ಇರುವ ಕಡೆ ವಿಶೇಷವಾಗಿ. ಚಿತ್ರದೊಳಗಿನ ಅಕ್ಷರವನ್ನು ನಂಬಿಕೊಂಡು ಕೂರಬೇಡಿ. ‘ಹಲಸಿನ ಹಪ್ಪಳ’ ಎಂದು ಕನ್ನಡದಲ್ಲಿ ಹುಡುಕುವವರಿಗೆ ನಿಮ್ಮ ಪುಟ ಸಿಗಬೇಕಾದರೆ ಆ ಪದ ಪುಟದಲ್ಲಿ ಅಕ್ಷರವಾಗಿಯೇ ಇರಬೇಕು. ಫೋನ್ ನಂಬರೂ ಚಿತ್ರದಲ್ಲಿದೆ. ಒತ್ತಿದರೆ ಕರೆ ಹೋಗುವುದಿಲ್ಲ, ನಕಲು ಮಾಡಿಕೊಳ್ಳಲೂ ಬರುವುದಿಲ್ಲ.

ಅಜ್ಜಿಯ ಕಥೆಯನ್ನು ಮುಖಪುಟದಿಂದ ತೆಗೆದು ಬೇರೆ ಪುಟಕ್ಕೆ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮಲ್ಲಿಗೆ ತೋಟ, ಶಂಕರಪುರ (ಜುಲೈ 10)

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನದು ಹೂವಿನ ವ್ಯಾಪಾರ, ವಿನ್ಯಾಸದ ವಿದ್ಯೆ ಗೊತ್ತಿಲ್ಲ. ನಾನು ಪುಟವನ್ನು ಪರೀಕ್ಷಿಸಲು ಹೋಗಲಿಲ್ಲ, ಬೆಂಗಳೂರಿನಲ್ಲಿರುವ ತಂಗಿಗೆ ನಿಜವಾಗಿಯೇ ಎರಡು ಕಟ್ಟು ಕಳುಹಿಸೋಣವೆಂದು ಹೊರಟೆ. ವಾಟ್ಸ್ಯಾಪ್ ಗುಂಡಿ ಒತ್ತಿದಾಗ ಈ ನಂಬರ್ ಸರಿಯಿಲ್ಲ ಎಂಬ ಸೂಚನೆ ಬಂತು. ಕೊಂಡಿಯನ್ನು ಒತ್ತಿ ಹಿಡಿದು ನೋಡಿದರೆ ನಿಮ್ಮ ಹತ್ತು ಅಂಕಿಗಳ ಮೊದಲು ಒಂದು ಸೊನ್ನೆ ಇದೆ, ದೇಶದ ಸಂಖ್ಯೆ ಇಲ್ಲ. ಸೊನ್ನೆ, ಕೂಡಿಸುವ ಚಿಹ್ನೆ, ಖಾಲಿ ಜಾಗ ಯಾವುದೂ ಇಲ್ಲದೆ 91 ಮತ್ತು ಅದರ ಬೆನ್ನಿಗೇ ಹತ್ತು ಅಂಕಿಗಳು ಇರಬೇಕು. ಎರಡು ವರ್ಷಗಳಲ್ಲಿ ಆ ಗುಂಡಿಯನ್ನು ಒತ್ತಿ ಎಷ್ಟು ಮಂದಿ ಹಿಂದೆ ಹೋದರೋ!

ತಂಗಿಗೆ ಪುಟದ ಕೊಂಡಿ ಕಳುಹಿಸಿದ್ದೆ. ಅವಳು ಹೇಳಿದ್ದು ಇಷ್ಟು: ‘ಕಟ್ಟಿನ ಬೆಲೆ ಉಂಟು, ಪಾರ್ಸೆಲಿಗೆ ಎಷ್ಟು ಅಂತ ಎಲ್ಲಿಯೂ ಇಲ್ಲ ಮಾರಾಯ್ತಿ. ಒಡೆದು ಪುಡಿಯಾಗಿ ಬಂದರೆ ಏನು ಮಾಡುವುದು?’ ಈ ಎರಡು ಪ್ರಶ್ನೆಗಳಿಗೆ ಬೆಲೆಯ ಪಕ್ಕದಲ್ಲೇ ಉತ್ತರವಿರಲಿ. ಸಾಗಣೆ ಸೇರಿಸಿ ಒಟ್ಟು ಮೊತ್ತ ಮೊದಲೇ ಗೊತ್ತಾದರೆ ಕೊನೆಯ ಹಂತದಲ್ಲಿ ಯಾರೂ ಹಿಂಜರಿಯುವುದಿಲ್ಲ. ಇ-ಕಾಮರ್ಸ್ ಕುರಿತ 2020ರ ಗ್ರಾಹಕ ಸಂರಕ್ಷಣಾ ನಿಯಮಗಳೂ ಸಾಗಣೆಯಂತಹ ವೆಚ್ಚಗಳನ್ನು ಬಿಡಿಸಿ ಒಟ್ಟು ಬೆಲೆ ತೋರಿಸಲು ಹೇಳುತ್ತವೆ. ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಆಹಾರ ನೋಂದಣಿ ಅಥವಾ ಪರವಾನಗಿ ಸಂಖ್ಯೆ, ನಿವ್ವಳ ತೂಕ, ಪೂರ್ತಿ ವಿಳಾಸ ನಿಮ್ಮ ಕಟ್ಟಿನ ಚೀಟಿಯಲ್ಲಿ ಇದ್ದೇ ಇರಬೇಕು, ಅವನ್ನೇ ಪುಟದಲ್ಲಿಯೂ ಹಾಕಿ. ಮುಖ ನೋಡದೆ ಹಣ ಕಳುಹಿಸುವವರಿಗೆ ಅಂಥವೇ ಧೈರ್ಯ ಕೊಡುತ್ತವೆ.

ಅಜ್ಜಿಯ ಕಥೆಯನ್ನು ಪೂರ್ತಿ ಓಡಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಊರು ಬಿಟ್ಟವರು ಹಪ್ಪಳ ತರಿಸುವುದು ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲವಷ್ಟೆ. ಬೆಲೆ, ಗುಂಡಿ ಎಲ್ಲ ಆದ ಮೇಲೆ ನಾಲ್ಕು ಸಾಲು ಇರಲಿ: ಅಜ್ಜಿ ಹಲಸಿನ ಸೊಳೆ (ತೊಳೆ) ಬೇಯಿಸಿ ಒರಳಲ್ಲಿ ರುಬ್ಬುತ್ತಿದ್ದುದು, ಚಾಪೆಯ ಮೇಲೆ ಹರವಿ ಕೋಳಿ ಕಾಗೆ ಓಡಿಸಲು ಮಕ್ಕಳನ್ನು ಕೂರಿಸುತ್ತಿದ್ದುದು.

ಪುಟವಿನ್ಯಾಸ, ಕೊಡಿಯಾಲಬೈಲು (ಜುಲೈ 10)

ಸೊನ್ನೆಯನ್ನು ನಾನು ಗಮನಿಸಿರಲಿಲ್ಲ. ವೇಗ ಅಳೆಯುವುದರಲ್ಲೇ ಉಳಿದುಬಿಟ್ಟೆ. ಅಜ್ಜಿಯ ವಿಷಯದಲ್ಲಿಯೂ ತಮ್ಮ ಮಾತನ್ನು ಒಪ್ಪುತ್ತೇನೆ, ನಾಲ್ಕು ಸಾಲು ಮೀರದಿದ್ದರೆ. ವಾಟ್ಸ್ಯಾಪ್ ಕೊಂಡಿಯಲ್ಲಿ ‘ಹಲಸಿನ ಹಪ್ಪಳ ಬೇಕಿತ್ತು, ಕಟ್ಟುಗಳ ಸಂಖ್ಯೆ:’ ಎಂಬ ಸಂದೇಶವನ್ನು ಮೊದಲೇ ತುಂಬಿಸಿಡಬಹುದು. ಏನೆಂದು ಬರೆಯುವುದು ಎಂಬ ಅನುಮಾನದಲ್ಲಿ ನಿಲ್ಲುವವರಿಗೆ ಅದರಿಂದ ಸುಲಭವಾಗುತ್ತದೆ. ಕನ್ನಡ ಸಂದೇಶವಾದ್ದರಿಂದ ಕೊಂಡಿಗೆ ಹಾಕುವ ಮೊದಲು ಯುಆರ್‌ಎಲ್ ಎನ್‌ಕೋಡ್ ಮಾಡಿಕೊಳ್ಳಿ, ಅಂದರೆ ಕೊಂಡಿಯಲ್ಲಿ ಕೆಡದಂತಹ ಸಂಕೇತಗಳಿಗೆ ಬದಲಿಸಿಕೊಳ್ಳಿ.

ಹಪ್ಪಳದ ಮನೆ, ಕಾಪು (ಜುಲೈ 29)

ನಮ್ಮದೇ ನಂಬರಿಗೆ ನಾವೇ ಸಂದೇಶ ಕಳುಹಿಸುವುದೇಕೆಂದು ಆ ಗುಂಡಿಯನ್ನು ನಾನು ಒಮ್ಮೆಯೂ ಒತ್ತಿರಲಿಲ್ಲ. ಈಗ ನೆರೆಮನೆಯವರ ಫೋನಿನಿಂದ ಒತ್ತಿ ನೋಡಿ ಸರಿಪಡಿಸಿದ್ದೇನೆ. ಒಡೆದ ಕಟ್ಟಿನ ಫೋಟೋ ಕಳುಹಿಸಿದರೆ ಬೇರೆ ಕಳುಹಿಸುತ್ತೇವೆ ಎಂದೂ, ನಾಲ್ಕು ಕಟ್ಟಿನವರೆಗೆ ಪಾರ್ಸೆಲ್ ವೆಚ್ಚ ಒಂದೇ ಎಂದೂ ಬೆಲೆಯ ಕೆಳಗೆ ಬರೆದೆವು. ಬರೆದಂದಿನಿಂದ ಹೆಚ್ಚಿನವರು ಒಂದರ ಬದಲು ನಾಲ್ಕು ಕಟ್ಟನ್ನೇ ಕೇಳುತ್ತಿದ್ದಾರೆ. ಹತ್ತೊಂಬತ್ತು ದಿನಗಳಲ್ಲಿ 23 ಆರ್ಡರ್‌ಗಳು ಬಂದಿವೆ. ಆಟಿ ತಿಂಗಳ ಬೇಡಿಕೆಯೂ ಅದರಲ್ಲಿ ಸೇರಿರಬಹುದು, ಆದರೆ ಹೋದ ವರ್ಷದ ಆಟಿಯಲ್ಲಿ ಬಂದದ್ದು ಐದು ಮಾತ್ರ.

ಈಗ ಇನ್ನೊಂದು ಪ್ರಶ್ನೆ. ಪುನರ್ಪುಳಿ ಸಿರಪ್ ಮುಗಿದಿದೆ, ಹಣ್ಣು ಸಿಗುವುದು ಇನ್ನು ಬೇಸಗೆಗೆ. ಅದನ್ನು ಮುಖಪುಟದಿಂದ ತೆಗೆಯಬೇಕೇ?

ಪುಟವಿನ್ಯಾಸ, ಕೊಡಿಯಾಲಬೈಲು (ಜುಲೈ 29)

ತೆಗೆಯಬೇಡಿ, ಹಪ್ಪಳದ ಕೆಳಗೆ ಇಳಿಸಿ. ‘ಈ ವರ್ಷದ್ದು ಮುಗಿದಿದೆ, ಹೊಸ ಹಣ್ಣಿನದು ಮೇ ತಿಂಗಳಿಗೆ’ ಎಂದು ಬರೆದು, ಬಂದಾಗ ತಿಳಿಸಿ ಎಂಬ ಇನ್ನೊಂದು ವಾಟ್ಸ್ಯಾಪ್ ಗುಂಡಿ ಕೊಡಿ. ಕೇಳಿದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಬಾರಿ ಎಷ್ಟು ಬಾಟಲಿ ತುಂಬಿಸಬೇಕೆಂಬ ಅಂದಾಜೂ ಸಿಗುತ್ತದೆ. ಈ ಗುಂಡಿಯನ್ನೂ ನೆರೆಮನೆಯವರ ಫೋನಿನಿಂದಲೇ ಒತ್ತಿ ನೋಡಿ.