ಸಹಾಯ ಬೇಕು: 'ಸೆಟ್ಲ್‌ಮೆಂಟ್ ಹೌಸ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗೋಡೆಪತ್ರಿಕೆಗೆ ಅಮೆರಿಕದ ಶಿಕಾಗೋದಲ್ಲಿದ್ದ ಹಲ್ ಹೌಸ್ ಎಂಬ 'ಸೆಟ್ಲ್‌ಮೆಂಟ್ ಹೌಸ್' ಬಗ್ಗೆ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಹಾಲ್‌ಸ್ಟೆಡ್ ಬೀದಿಯ ಹಳೇ ಮನೆಯೊಂದರಲ್ಲಿ ಇದನ್ನು ಶುರು ಮಾಡಿದರು. ಸುತ್ತ ಇದ್ದವರಲ್ಲಿ ಇಟಲಿ, ಗ್ರೀಸ್ ಕಡೆಯಿಂದ ಬಂದ ಕೂಲಿಕಾರರು ಜಾಸ್ತಿ. ಅಮ್ಮಂದಿರು ಕೆಲಸಕ್ಕೆ ಹೋದಾಗ ಮಕ್ಕಳನ್ನು ಇಲ್ಲಿ ನೋಡಿಕೊಳ್ಳುತ್ತಿದ್ದರು, ಸಂಜೆ ಪಾಠ ಇರುತ್ತಿತ್ತು, ಮನೆಯಲ್ಲಿ ಬಚ್ಚಲಿಲ್ಲದವರು ಬಂದು ಸ್ನಾನ ಮಾಡಿ ಹೋಗುತ್ತಿದ್ದರು. ಬೆಳೆದು 13 ಕಟ್ಟಡ ಆಯಿತು. 1960ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕೆ ಜಾಗ ಬೇಕು ಅಂತ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಕೆಡವಿದರು. ಬರೆಯುವಾಗ ಹೊಟ್ಟೆ ಉರಿಯಿತು.

ಇಲ್ಲಿ ದುಡಿದವರು ಸುಮ್ನೆ ಬಂದು ಹೋಗುವವರಲ್ಲ. ಊಟಕ್ಕೆ, ಕೋಣೆಗೆ ತಾವೇ ದುಡ್ಡು ಕೊಟ್ಟು ಅಲ್ಲೇ ವಾಸ ಇದ್ದವರು. ಅದೇ ಮುಖ್ಯ ಅಲ್ವಾ? 'ಸಮುದಾಯ ಭವನ' ಅಂತ ಬರೆದೆ, ಓದಿದವರು ಮದುವೆ ಛತ್ರ ಅಂದುಕೊಂಡರು. 'ಸೇವಾಶ್ರಮ' ಅಂದರೆ ಮಠದ ಹಾಗೆ ಕೇಳುತ್ತೆ. 'ನೆರೆಮನೆ' ಬರೀ ಪಕ್ಕದ ಮನೆ ಆಗುತ್ತೆ.

ಅಕ್ಕಪಕ್ಕದವರ ನಡುವೆಯೇ ಬದುಕಿ ಅವರಿಗೆ ನೆರವಾಗುವ ಮನೆ, ಈ ಅರ್ಥ ಬರುವ ಕನ್ನಡ ಪದ ನಿಮಗೆ ಗೊತ್ತಾ? ಇಲ್ಲಾಂದರೆ 'ಸೆಟ್ಲ್‌ಮೆಂಟ್ ಹೌಸ್' ಅಂತಲೇ ಇಟ್ಟುಬಿಡಲಾ?