400 ಅಡಿ 500ಟಿ ಕ್ಯಾನ್ ಸಿಗ್ತಿದೆ, ತಗೊಳ್ಳೋದಾ ಬೇಡ್ವಾ? (ದಸರಾ ಲೈಟಿಂಗ್ ತೆಗಿಬೇಕು)

ಫಿಲ್ಮ್‌ಹುಚ್ಚಿ:
ಎಲ್ರಿಗೂ ನಮಸ್ಕಾರ, ಮೈಸೂರಿಂದ. ಅಪ್ಪಂದು ಹಳೇ ನಿಕಾನ್ ಎಫ್ಎಂ10 ಇದೆ, ಹೋದ ವರ್ಷದಿಂದ ಅದರಲ್ಲೇ ತೆಗೀತಿದೀನಿ, ಆದ್ರೆ ಅಂಗಡಿ ಕಲರ್ ರೋಲ್ ರೇಟ್ ನೋಡಿದ್ರೆ ಒಂದೊಂದು ಸಲ ಬಟನ್ ಒತ್ತೋಕೂ ಕೈ ನಡುಗುತ್ತೆ. ಈಗ ಬೆಂಗಳೂರಲ್ಲಿ ಒಬ್ರು ಕೊಡಕ್ ವಿಷನ್3 500ಟಿ ಸಿನಿಮಾ ಫಿಲ್ಮ್, 400 ಅಡಿ ಕ್ಯಾನ್ ಒಂದಿದೆ, ಆಡ್ ಶೂಟ್‌ಗೆ ತರಿಸಿದ್ದು ಉಳಿದಿದೆ ಅಂತಿದಾರೆ. 36ರ ರೋಲ್‌ಗೆ ಐದೂವರೆ ಅಡಿ ಅಂತ ಹಿಡಿದ್ರೂ 70 ರೋಲ್ ಮೇಲಾಗುತ್ತೆ, ಅಂಗಡೀಲಿ ಒಂದು ರೋಲ್‌ಗೆ ಕೊಡೋ ದುಡ್ಡಲ್ಲಿ ಇಲ್ಲಿ ಮೂರು ಬರುತ್ತೆ.

ನಂಗೆ ಮುಖ್ಯವಾಗಿ ದಸರಾ ಟೈಮಲ್ಲಿ ಅರಮನೆ ಲೈಟಿಂಗ್ ತೆಗಿಬೇಕು. ಇನ್‌ಸ್ಟಾದಲ್ಲಿ ನೋಡಿರ್ತೀರಲ್ಲ, ರಾತ್ರಿ ಫೋಟೋದಲ್ಲಿ ಪ್ರತಿ ಬಲ್ಬ್ ಸುತ್ತ ಕೆಂಪಗೆ ಒಂದು ಹೊಳಪು ಬಂದಿರುತ್ತೆ, ಅದು ಬೇಕು, ಅದು ಇದೇ 500ಟಿ ಫಿಲ್ಮೇ ಅಂತ ಎಲ್ರೂ ಹೇಳ್ತಾರೆ. ಕ್ಯಾನ್ ತಗೊಂಡು ಕ್ಯಾಸೆಟ್‌ಗೆ ತುಂಬ್ಕೊಂಡು, ತೊಳೆಸೋಕೆ ಮಾಮೂಲಿ ಲ್ಯಾಬ್‌ಗೆ ಕೊಟ್ರೆ ಆಯ್ತಲ್ವಾ? ಏನಾದ್ರೂ ಮರೀತಿದೀನಾ? ಸಿನಿಮಾ ಫಿಲ್ಮ್ ಹಾಕಿದ್ರೆ ಕ್ಯಾಮೆರಾ ಹಾಳಾಗುತ್ತಾ ಅಂತ ಅಪ್ಪ ಬೇರೆ ಕೇಳ್ತಿದಾರೆ.

ಕತ್ತಲೆಕೋಣೆ:
ಮೊದ್ಲು ಲ್ಯಾಬ್ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಈ ತಪ್ಪು ನಾನೇ ಮಾಡಿದೀನಿ. ಎರಡು ವರ್ಷದ ಹಿಂದೆ ಗೆಳೆಯ ಕೊಟ್ಟ 250ಡಿ ಅನ್ನೋ ಸಿನಿಮಾ ಫಿಲ್ಮ್ ರೋಲ್ ಒಂದನ್ನ ಏನೂ ಹೇಳ್ದೆ ಒಂದು ಲ್ಯಾಬ್‌ಗೆ ಕೊಟ್ಬಿಟ್ಟೆ, ಬಾಯ್ಬಿಡದೆ ಕೊಟ್ಟಿದ್ದು ಪೂರ್ತಿ ನನ್ನದೇ ತಪ್ಪು. ಸಿನಿಮಾ ಕಲರ್ ನೆಗೆಟಿವ್ ಹಿಂಬದಿಗೆ ರೆಮ್‌ಜೆಟ್ ಅಂತ ಒಂದು ಕಪ್ಪು ಕಾರ್ಬನ್ ಲೇಪ ಇರುತ್ತೆ, ಮುಟ್ಟಿದ್ರೆ ಸ್ಲೇಟ್ ಥರ ಮ್ಯಾಟ್ ಆಗಿರುತ್ತೆ. ಸಿನಿಮಾ ಲ್ಯಾಬ್ ಮಷಿನ್‌ನಲ್ಲಿ ಅದನ್ನ ಮೊದ್ಲೇ ನೆನೆಸಿ ಉಜ್ಜಿ ತೆಗೆಯೋಕೆ ಬೇರೆ ತೊಟ್ಟಿನೇ ಇರುತ್ತೆ, ಮಾಮೂಲಿ ಕಲರ್ ರೋಲ್ ತೊಳೆಯೋ ಸಿ-41 ಮಷಿನ್‌ನಲ್ಲಿ ಅದಿಲ್ಲ. ಹಂಗಾಗಿ ಆ ಮಸಿ ಎಲ್ಲಾ ಡೆವಲಪರ್ ಕೆಮಿಕಲ್‌ಗೆ ಇಳೀತು, ರೋಲರ್‌ಗೆ ಅಂಟ್ತು, ನನ್ನ ರೋಲ್ ಹಿಂದೆ ಹೋದ ಬೇರೆಯವ್ರ ಮದುವೆ ರೋಲ್‌ಗೂ ಚುಕ್ಕಿ ಬಿತ್ತು. ಆ ಯಜಮಾನ್ರು ಬೈದಿದ್ದು ಈಗ್ಲೂ ಕಿವೀಲಿದೆ. ಕೆಮಿಕಲ್ ದುಡ್ಡು ಕೊಟ್ಟು, ಕೈ ಮುಗಿದು ಬಂದೆ.

ಹಂಗಾಗಿ ನಿಮ್ಮ ಪ್ಲಾನ್‌ನಲ್ಲಿ "ಮಾಮೂಲಿ ಲ್ಯಾಬ್" ಅನ್ನೋದನ್ನ ಹೊಡೆದುಹಾಕಿ. ಒಂದೋ ಸಿನಿಮಾ ಫಿಲ್ಮ್ ತೊಳೀತೀವಿ ಅಂತ ಬಾಯ್ಬಿಟ್ಟು ಹೇಳೋ ಲ್ಯಾಬ್ ಹುಡುಕಿ, ಇಲ್ಲಾ ಮನೇಲೇ ತೊಳೀರಿ. ಇದು ತೀರ್ಮಾನ ಆಗೋವರೆಗೂ ಕ್ಯಾನ್‌ಗೆ ಅಡ್ವಾನ್ಸ್ ಕೊಡಬೇಡಿ. ಫಿಲ್ಮ್ ಅಗ್ಗ, ತೊಳೆಯೋದೇ ದುಬಾರಿ.

ಇನ್ನೊಂದು ಬೇಜಾರಿನ ಸುದ್ದಿ. ನಿಮಗೆ ಬೇಕಿರೋ ಆ ಕೆಂಪು ಹೊಳಪು ಈ ಕ್ಯಾನ್‌ನಲ್ಲಿ ಬರಲ್ಲ.

ಫಿಲ್ಮ್‌ಹುಚ್ಚಿ:
ಅಯ್ಯೋ, ಅದ್ಯಾಕೆ? ಎರಡೂ ಒಂದೇ ಫಿಲ್ಮ್ ಅಂತಾರಲ್ಲ??

ಕತ್ತಲೆಕೋಣೆ:
ಫಿಲ್ಮ್ ಒಂದೇ, ಆದ್ರೆ ನೀವು ನೋಡಿರೋದು ಸಿನೆಸ್ಟಿಲ್ 800ಟಿ ಇರ್ಬೇಕು. ಅವರು ಇದೇ 500ಟಿನ ರೆಮ್‌ಜೆಟ್ ಇಲ್ದಂಗೆ ಮಾಡಿ ಕ್ಯಾಸೆಟ್‌ಗೆ ತುಂಬಿ ಮಾರ್ತಾರೆ, ಅದಕ್ಕೇ ಅದನ್ನ ಯಾವ ಸಿ-41 ಲ್ಯಾಬಲ್ಲಾದ್ರೂ ತೊಳೆಸಬಹುದು. ಬಲ್ಬ್‌ನಂಥ ಜೋರು ಬೆಳಕು ಫಿಲ್ಮ್ ಒಳಗೆ ತೂರಿ, ಹಿಂಬದಿ ಮೇಲ್ಮೈಗೆ ಬಡಿದು ವಾಪಸ್ ಬಂದು ಇಮಲ್ಷನ್‌ಗೆ (ಚಿತ್ರ ಮೂಡೋ ಪದರಗಳಿಗೆ) ತಗಲುತ್ತೆ, ಹಿಂದಿನಿಂದ ಬರೋ ಬೆಳಕಿಗೆ ಮೊದ್ಲು ಸಿಗೋದು ತಳದಲ್ಲಿರೋ ಕೆಂಪು ಪದರ, ಅದಕ್ಕೇ ಹೊಳಪು ಕೆಂಪಗಿರೋದು. ಆ ವಾಪಸ್ ಬರೋ ಬೆಳಕನ್ನ ನುಂಗಲಿ ಅಂತಲೇ ಕೊಡಕ್‌ನವರು ಕಪ್ಪು ಬಳಿದಿರೋದು. ಅಂದ್ರೆ ನೀವು ಇಷ್ಟಪಟ್ಟಿರೋ ಎಫೆಕ್ಟ್ ಫಿಲ್ಮ್‌ನ ಗುಣ ಅಲ್ಲ, ಬೆನ್ನು ಬೋಳಿಸಿದ್ದರಿಂದ ಬಂದಿದ್ದು. ಫೋಟೋ ತೆಗೆದ ಮೇಲೆ ಮನೇಲಿ ತೊಳೆದು ತೆಗೆದ್ರೆ ಹೊಳಪು ಬರಲ್ಲ, ತೆಗೆಯೋಕೆ ಮುಂಚೆಯೇ ಹೋಗಿರ್ಬೇಕು.

ನನ್ನ ಕೇಳಿದ್ರೆ ಅರಮನೆಗೆ ಆ ಹೊಳಪು ಇಲ್ದಿದ್ರೇ ಒಳ್ಳೇದು. ಸುಮಾರು ಲಕ್ಷ ಬಲ್ಬ್ ಇರೋ ಕಟ್ಟಡ, ಒಂದೊಂದಕ್ಕೂ ಕೆಂಪು ಉಂಗುರ ಬಿದ್ರೆ ಅರಮನೆ ಎಲ್ಲಿ ಕಾಣುತ್ತೆ, ಕುಂಕುಮದ ರಾಶಿ ಅಷ್ಟೇ.

ಲೋಡರ್ ಮಾಮ:
ನೋಡಮ್ಮ, ನಾನು ಗಾಂಧಿನಗರದ ಸಿನಿಮಾಗಳಲ್ಲಿ ಕ್ಯಾಮೆರಾ ಅಸಿಸ್ಟೆಂಟ್ ಆಗಿ ಮ್ಯಾಗಜೀನ್ (ಕ್ಯಾಮೆರಾಗೆ ಫಿಲ್ಮ್ ತುಂಬೋ ಡಬ್ಬಿ) ಲೋಡ್ ಮಾಡ್ಕೊಂಡು ಹದಿನಾಲ್ಕು ವರ್ಷ ಕಳೆದವನು, ಡಿಜಿಟಲ್ ಬಂದ ಮೇಲೆ ಬಿಟ್ಟೆ. ನಿಂಗೆ 400 ಅಡಿ ಅಂದ್ರೆ 70 ರೋಲ್, ನಮಗೆ ಅದು ನಾಲ್ಕೂವರೆ ನಿಮಿಷ ಕೂಡ ಆಗ್ತಿರ್ಲಿಲ್ಲ, ಹೀರೋ ಎರಡು ಸಲ ಡೈಲಾಗ್ ತಪ್ಪಿದ್ರೆ ಪ್ರೊಡ್ಯೂಸರ್ ಮುಖ ನೋಡೋಕಾಗ್ತಿರ್ಲಿಲ್ಲ. ಕೆಲವು ನಿರ್ದೇಶಕರು ಮನಸ್ಸಲ್ಲೇ ಅಡಿ ಲೆಕ್ಕ ಹಾಕ್ಕೊಂಡೇ ಕಟ್ ಹೇಳೋರು.

ಮೊದ್ಲು ಅಪ್ಪಂಗೆ ಸಮಾಧಾನ ಹೇಳು, ಕ್ಯಾಮೆರಾ ಹಾಳಾಗಲ್ಲ. ಸ್ಟಿಲ್ ಕ್ಯಾಮೆರಾದ 35 ಎಂಎಂ ಹುಟ್ಟಿದ್ದೇ ಸಿನಿಮಾ ಫಿಲ್ಮ್‌ನಿಂದ. ಜರ್ಮನಿಯ ಓಸ್ಕರ್ ಬಾರ್ನಾಕ್ ಸಿನಿಮಾದ 18×24 ಫ್ರೇಮ್ ಎರಡನ್ನ ಪಕ್ಕಪಕ್ಕ ಸೇರಿಸಿ 24×36 ಮಾಡಿದ್ದು, 1925ರಲ್ಲಿ ಲೈಕಾ ಅಂತ ಅಂಗಡಿಗೆ ಬಂತು. ಸಿನಿಮಾ ನೆಗೆಟಿವ್‌ನ ತೂತಿನ ಆಕಾರ ಒಂಚೂರು ಬೇರೆ, ಪಕ್ಕ ದುಂಡಗಿರುತ್ತೆ, ತೂತಿಂದ ತೂತಿಗೆ 4.74 ಮಿಮೀ, ಸ್ಟಿಲ್ ಫಿಲ್ಮ್‌ದು 4.75. ನಿಮ್ಮ ಎಫ್ಎಂ10ಗೆ ಅದು ಗೊತ್ತೂ ಆಗಲ್ಲ.

ಈಗ ಕ್ಯಾನ್ ವಿಷಯ. ಮಾರೋನು ಬಾಯಲ್ಲಿ ಏನ್ ಬೇಕಾದ್ರೂ ಹೇಳಲಿ, ನೀನು ಲೇಬಲ್ ಫೋಟೋ ಕೇಳು. 5219 ಅಂತಿದ್ರೆ 500ಟಿ, 5213 ಅಂದ್ರೆ 200ಟಿ, 5207 ಅಂದ್ರೆ 250ಡಿ, 5203 ಅಂದ್ರೆ 50ಡಿ. 72ರಿಂದ ಶುರುವಾದ್ರೆ, ಅಂದ್ರೆ 7219 ಥರ ಇದ್ರೆ, ಅದು 16 ಎಂಎಂ, ನಿಂಗೆ ಏನಕ್ಕೂ ಬರಲ್ಲ. 2383 ಅಂತಿದ್ರೆ ಅದು ನೆಗೆಟಿವ್ವೇ ಅಲ್ಲ, ನಾವು ಪಾಸಿಟಿವ್ ಅಂತಿದ್ವಲ್ಲ, ಥಿಯೇಟರ್ ಪ್ರಿಂಟ್ ಹಾಕೋ ಫಿಲ್ಮ್, ಬೆಳಕು ಹಿಡಿಯೋ ಶಕ್ತಿ ತೀರಾ ಕಮ್ಮಿ, ರಾತ್ರಿ ಫೋಟೋ ಮರೆತುಬಿಡು. ಅದರ ಬೇಸ್ ಪಾಲಿಯೆಸ್ಟರ್ ಬೇರೆ, ಹರಿಯೋದೇ ಇಲ್ಲ. ಮಾಮೂಲಿ ನೆಗೆಟಿವ್ ಸಿಕ್ಕಾಕ್ಕೊಂಡ್ರೆ ಫಿಲ್ಮ್ ಹರಿಯುತ್ತೆ, ಇದು ಸಿಕ್ಕಾಕ್ಕೊಂಡ್ರೆ ಕ್ಯಾಮೆರಾ ಗೇರೇ ಹೋಗಬಹುದು. ಅಪ್ಪನ ಭಯಕ್ಕೆ ಏನಾದ್ರೂ ಕಾರಣ ಇದ್ರೆ ಅದೊಂದೇ.

ಆಮೇಲೆ ಸೀಲ್ ಒಡೆದಿದ್ಯಾ ಕೇಳು. "ಉಳಿದಿದ್ದು" ಅಂದ್ರೆ ಎರಡು ಥರ ಇರುತ್ತೆ. ತೆಗೆದೇ ಇಲ್ದಿರೋ ಕ್ಯಾನ್ ಒಂದು, ಮ್ಯಾಗಜೀನ್‌ಗೆ ಹಾಕಿ ಅರ್ಧ ಓಡಿಸಿ ಮಿಕ್ಕಿದ್ದನ್ನ ಕತ್ತಲಲ್ಲಿ ಕತ್ತರಿಸಿ ಮತ್ತೆ ಕ್ಯಾನ್‌ಗೆ ಹಾಕಿದ್ದು ಇನ್ನೊಂದು, ಅದಕ್ಕೆ ಶಾರ್ಟ್ ಎಂಡ್ ಅಂತೀವಿ. ಶಾರ್ಟ್ ಎಂಡ್ ಕೆಟ್ಟದಲ್ಲ, ಆದ್ರೆ ಕತ್ತರಿಸಿದೋನು ನನ್ನಂಥ ಲೋಡರ್ರಾ ಇಲ್ಲಾ ಮೊದಲ ದಿನ ಕೆಲಸಕ್ಕೆ ಬಂದ ಹುಡುಗನಾ ಅನ್ನೋದು ಆ ಡಬ್ಬಿಗೆ ಮಾತ್ರ ಗೊತ್ತು. ಎಷ್ಟು ವರ್ಷ, ಎಲ್ಲಿಟ್ಟಿದ್ರು ಅದನ್ನೂ ಕೇಳು. ಫ್ರಿಜ್ಜಲ್ಲಿದ್ರೆ ಸರಿ, ಗೋಡೌನ್ ಶೀಟ್ ಕೆಳಗೆ ನಾಲ್ಕು ಬೇಸಿಗೆ ಕಂಡಿದ್ರೆ ಬೇಡ. ಫ್ಯೂಜಿ ಡಬ್ಬಿ ತೋರಿಸಿದ್ರೆ ಇನ್ನೂ ಹುಷಾರು, ಅವರು ಸಿನಿಮಾ ನೆಗೆಟಿವ್ ಮಾಡೋದನ್ನ 2013ರಲ್ಲೇ ನಿಲ್ಲಿಸಿದ್ರು.

ದುಡ್ಡು ಕೊಡೋ ಮುಂಚೆ ಒಂದು ಮಾರು ಫಿಲ್ಮ್ ಕತ್ತರಿಸಿ ಕೊಡೋಕೆ ಹೇಳು, ಒಂದು ಕ್ಯಾಸೆಟ್‌ಗೆ ಹಾಕಿ ತೆಗೆದು ತೊಳೆದು ನೋಡು. ಕೊಡಲ್ಲ ಅಂದ್ರೆ ನೀನೂ ತಗೊಳ್ಳಲ್ಲ ಅನ್ನು.

ಹುಬ್ಳಿ ಮಂದಿ:
ಅಕ್ಕಾರ, ನಂದೂ ಒಂದ್ ಮಾತು. ಎಲ್ಲಾರೂ ಕಲರ್ ಕಲರ್ ಅಂತ ಹೊಂಟೀರಿ, ಮನ್ಯಾಗ ತೊಳಿಯೋದು ಹೊಸದಾಗಿ ಕಲಿಯೋರಿಗೆ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ ಫಿಲ್ಮ್ ಭಾಳ ಚಲೋ ಅದ. ಕೊಡಕ್ ಡಬಲ್-ಎಕ್ಸ್ 5222 ಅಂತ ಐತಿ ನೋಡ್ರಿ, 1959ರಿಂದ ಅದ ಹೆಸರಿನಾಗ ಬರಾಕತ್ತೈತಿ. ಅದರ ಬೆನ್ನಿಗೆ ಕರಿ ಮಸಿ ಇಲ್ರಿ, ಸೀದಾ ಡಿ-76 ಡೆವಲಪರಿನ್ಯಾಗ ಹಾಕಿದ್ರ ಮುಗೀತು. ಐಎಸ್ಒ ಬಿಸಿಲಾಗ 250, ಬಲ್ಬಿನ ಬೆಳಕಿನ್ಯಾಗ 200 ಇಟ್ಟು ತಗೀರಿ. ನಮ್ಮಪ್ಪಾರ ಸ್ಟುಡಿಯೋದಾಗ ಊಟಿ ಫ್ಯಾಕ್ಟರಿಯ "ಇಂದು" ಅನ್ನೋ ಬ್ರ್ಯಾಂಡಿನ ಫಿಲ್ಮ್ ತೊಳೆದ ಹಳೇ ಟ್ಯಾಂಕ್ ಇತ್ತು, ಅದರಾಗ ನಾ ಈಗ ಇದನ್ನ ತೊಳಿತೀನಿ, ಗ್ರೇನ್ ಒಂಚೂರು ದಪ್ಪ ಕಾಣತೈತಿ, ನನಗಂತೂ ಅದ ಚಂದ ಅನಸ್ತದ.

ಅರಮನಿ ಲೈಟಿಂಗ್ ಕಪ್ಪು ಬಿಳುಪಿನ್ಯಾಗ ಯಾರ ನೋಡ್ತಾರ ಅಂತ ಬೈಬ್ಯಾಡ್ರಿ ಮತ್ತ.

ಫಿಲ್ಮ್‌ಹುಚ್ಚಿ:
ಬೈಯಲ್ಲ ಅಣ್ಣ 😄 ಮಾಮ, ಲೇಬಲ್ ಕೇಳಿದೆ, 5219 ಅಂತಲೇ ಇದೆ, ಆದ್ರೆ ಟೇಪ್ ಒಂದ್ಸಲ ಬಿಚ್ಚಿ ಮತ್ತೆ ಸುತ್ತಿದಂಗಿದೆ. ತುಂಡು ಕತ್ತರಿಸಿ ಕೊಡಿ ಅಂದೆ, "ಮೇಡಂ ತಗೊಂಡ್ರೆ ಪೂರ್ತಿ ತಗೊಳ್ಳಿ" ಅಂದ್ರು. ಬಿಟ್ಟೆ. ಇನ್ನೊಬ್ರು ಇದೇ ಫಿಲ್ಮ್‌ನ ಕ್ಯಾಸೆಟ್‌ಗೆ ತುಂಬಿ ಬಿಡಿ ರೋಲ್ ಮಾರ್ತಾರೆ, ಅದರಲ್ಲಿ ಎರಡು ತರಿಸ್ತಿದೀನಿ. ಮನೇಲಿ ತೊಳೆಯೋದು ಹೇಗೆ ಅಂತ ಯಾರಾದ್ರೂ ಬಿಡಿಸಿ ಹೇಳಿ. ಮತ್ತೆ ಹಗಲಲ್ಲೂ ಉಪಯೋಗಿಸ್ಬಹುದಾ?

ಕತ್ತಲೆಕೋಣೆ:
ಎರಡೇ ರೋಲ್ ತರಿಸಿದ್ದು ಬುದ್ಧಿವಂತಿಕೆ. ಕ್ಯಾನ್ ಇದ್ದಿದ್ರೆ ಇನ್ನೊಂದು ತಲೆನೋವು ಇತ್ತು, ಬಲ್ಕ್ ಲೋಡರ್‌ಗೆ (ಉದ್ದ ಫಿಲ್ಮ್‌ನ ಕ್ಯಾಸೆಟ್‌ಗೆ ತುಂಬೋ ಡಬ್ಬಿ) ಹಿಡಿಯೋದು 100 ಅಡಿ, ಅಂದ್ರೆ ಕಗ್ಗತ್ತಲಲ್ಲಿ ಕೂತು 400 ಅಡಿನ ನಾಲ್ಕು ಭಾಗ ಮಾಡ್ಬೇಕು, ನಾನು ಮೊದ್ಲ ಸಲ ಮಾಡಿದಾಗ ರೂಮ್ ತುಂಬಾ ಫಿಲ್ಮ್ ಹರಡಿ ಕತ್ತಲಲ್ಲಿ ಹಾವು ಹಿಡಿದಂಗಾಗಿತ್ತು.

ಹಗಲು: ಟಿ ಅಂದ್ರೆ ಟಂಗ್‌ಸ್ಟನ್, 3200 ಕೆಲ್ವಿನ್ ಸ್ಟುಡಿಯೋ ಲೈಟಿಗೆ ಹೊಂದಿಸಿದ್ದು. ಬಿಸಿಲಲ್ಲಿ ತೆಗೆದ್ರೆ ಎಲ್ಲಾ ನೀಲಿ. 85 ನಂಬರ್ ಕಿತ್ತಳೆ ಫಿಲ್ಟರ್ ಹಾಕಿ ಮೀಟರ್ 320ಕ್ಕೆ ಇಟ್ಟು ತೆಗೀರಿ. ಅರಮನೆಗೆ ಏನೂ ಬೇಡ, 500 ಇಡಿ ಸಾಕು, ಹಳೇ ಥರದ ಬಲ್ಬ್ ಬೆಳಕು 3200ಕ್ಕಿಂತ ಇನ್ನೂ ಹಳದಿನೇ, ಹಂಗಾಗಿ ಅರಿಶಿನದ ಛಾಯೆ ಉಳಿಯುತ್ತೆ, ಆಕಾಶ ಮಾತ್ರ ಕಡು ನೀಲಿ ಬರುತ್ತೆ. ದೀಪ ಹತ್ತಿದ ಕೂಡಲೇ, ಆಕಾಶದಲ್ಲಿ ಇನ್ನೂ ಬೆಳಕಿರೋವಾಗಲೇ ಅರ್ಧ ರೋಲ್ ಮುಗಿಸಿ. (ಬಿಡಿ ರೋಲ್ ಕ್ಯಾಸೆಟ್ ಮೇಲೆ ಸಾಮಾನ್ಯವಾಗಿ ಡಿಎಕ್ಸ್ ಕೋಡ್, ಅಂದ್ರೆ ಕ್ಯಾಮೆರಾಗೆ ಫಿಲ್ಮ್‌ನ ಐಎಸ್ಒ ತಿಳಿಸೋ ಗುರುತು, ಇರಲ್ಲ. ನಿಮ್ಮ ಕ್ಯಾಮೆರಾಲಿ ಐಎಸ್ಒ ಕೈಯಲ್ಲಿ ಇಡೋದರಿಂದ ತೊಂದ್ರೆ ಇಲ್ಲ, ಇದನ್ನ ಓದ್ತಿರೋ ಆಟೋಮ್ಯಾಟಿಕ್ ಕ್ಯಾಮೆರಾದವರು ನೋಡ್ಕೊಳ್ಳಿ, ಕೋಡ್ ಕಾಣದಿದ್ರೆ ಬಹಳಷ್ಟು ಕ್ಯಾಮೆರಾ 100 ಅಂತಲೇ ಹಿಡಿಯುತ್ತೆ.)

ತೊಳೆಯೋದು: ಕತ್ತಲಲ್ಲಿ ಟ್ಯಾಂಕ್‌ಗೆ ಹಾಕಿದ ಮೇಲೆ ಉಳಿದಿದ್ದೆಲ್ಲ ಬೆಳಕಲ್ಲೇ. ಒಂದು ಲೀಟರ್ ಬಿಸಿನೀರಿಗೆ, ಕೈಗೆ ಹಿತವಾಗೋವಷ್ಟು, 40 ಡಿಗ್ರಿ ಹತ್ರ ಇರ್ಲಿ, ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ. ಟ್ಯಾಂಕ್‌ಗೆ ಹುಯ್ದು ಒಂದು ನಿಮಿಷ ನೆನೆಯೋಕೆ ಬಿಡಿ, ಆಮೇಲೆ ಮುಚ್ಚಳ ಗಟ್ಟಿಯಾಗಿ ಹಿಡಿದು ಮಜ್ಜಿಗೆ ಕಡೆದಂಗೆ ಜೋರಾಗಿ ಅಲ್ಲಾಡಿಸಿ. ಸೋಡಾ ಲೇಪನ ಮೆತ್ತಗೆ ಮಾಡುತ್ತೆ ಅಷ್ಟೇ, ಕಿತ್ತು ಬರೋದು ಅಲ್ಲಾಡಿಸೋದರಿಂದಲೇ. ಚೆಲ್ಲಿದಾಗ ಪಾತ್ರೆ ತಳ ಉಜ್ಜಿದ ನೀರಿನ ಥರ ಕಪ್ಪಗೆ ಬರುತ್ತೆ. ಬರೀ ಬಿಸಿನೀರಲ್ಲಿ ಮತ್ತೆ ಮತ್ತೆ ಅಲ್ಲಾಡಿಸಿ ಚೆಲ್ಲಿ, ನೀರು ತಿಳಿಯಾಗೋವರೆಗೂ. ಸೋಡಾ ಉಳಿದು ಡೆವಲಪರ್‌ಗೆ ಸೇರಬಾರದು.

ಆಮೇಲೆ ಎರಡು ದಾರಿ. ಇದರ ಸ್ವಂತ ಪ್ರೋಸೆಸ್ ಇಸಿಎನ್-2, 41.1 ಡಿಗ್ರಿಯಲ್ಲಿ 3 ನಿಮಿಷ ಡೆವಲಪರ್. ನಿಮ್ಮ ಹತ್ರ ಸಿ-41 ಕಿಟ್ ಇದ್ರೆ 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್, ಚಿತ್ರ ಬಂದೇ ಬರುತ್ತೆ, ಆದ್ರೆ ಕಾಂಟ್ರಾಸ್ಟ್ ಜಾಸ್ತಿ ಆಗುತ್ತೆ, ನೆರಳಿಗೆ ಒಂದು ಬಣ್ಣ ಬೆಳಕಿಗೆ ಒಂದು ಬಣ್ಣ ವಾಲುತ್ತೆ. ಸರಿಯಾಗಿ ಇಸಿಎನ್-2 ಮಾಡಿದ ನೆಗೆಟಿವ್ ಸಪ್ಪೆ ಕಾಣುತ್ತೆ, ಗಾಬರಿ ಬೀಳಬೇಡಿ, ಪಾಸಿಟಿವ್ ಫಿಲ್ಮ್‌ಗೆ ಪ್ರಿಂಟ್ ಹಾಕೋಕೆ ಅಂತ ಹಂಗೆ ಮಾಡಿರೋದು, ಸ್ಕ್ಯಾನ್‌ಗೂ ಒಳ್ಳೇದು. ಟೆಂಪರೇಚರ್‌ಗೆ ಬಕೆಟ್‌ನಲ್ಲಿ ಗೀಸರ್ ನೀರು ತುಂಬಿ ಬಾಟ್ಲಿ ಇಳಿಬಿಟ್ರೆ ಸಾಕು, ನಾನು ಇವತ್ತಿಗೂ ಅಷ್ಟೇ.

ಕೊನೇಲಿ ಒಣಗೋಕೆ ಹಾಕೋ ಮುಂಚೆ ಹೊಳಪಿರೋ ಬದಿನ ಮಾತ್ರ ಒದ್ದೆ ಸ್ಪಂಜಲ್ಲಿ ಒರೆಸಿ.

ಲೋಡರ್ ಮಾಮ:
ಒಂದು ಸೇರಿಸ್ತೀನಿ. 2025ರಲ್ಲಿ ಕೊಡಕ್‌ನವರು ಈ ರೆಮ್‌ಜೆಟ್ಟೇ ಇಲ್ಲದ ವಿಷನ್3 ತಂದಿದಾರೆ, ಕಪ್ಪು ಬೆನ್ನಿನ ಬದಲು ಇಮಲ್ಷನ್ ಕೆಳಗೆ ಬೇರೆ ಪದರ ಹಾಕಿ ಬೆಳಕು ವಾಪಸ್ ಬರೋದನ್ನ ತಡೀತಾರೆ. ಹಂಗಾಗಿ ನಿಂಗೆ ಬರೋ ರೋಲ್ ಹಳೇದಾ ಹೊಸದಾ ಮಾರೋರನ್ನೇ ಕೇಳು, ಇಲ್ಲಾ ರೋಲ್ ತುದಿ ಹಿಂಬದಿ ನೋಡು, ಕಪ್ಪು ಮ್ಯಾಟ್ ಇದ್ರೆ ಅಡುಗೆ ಸೋಡಾ ತಯಾರಿಟ್ಕೋ. ನಾವು ಬೆರಳಲ್ಲಿ ಆ ಕಪ್ಪು ಮುಟ್ಟಿ ನೋಡೇ ಕತ್ತಲಲ್ಲಿ ಹಿಂದು ಮುಂದು ತಿಳ್ಕೊಳ್ತಿದ್ವಿ.

ಫಿಲ್ಮ್‌ಹುಚ್ಚಿ:
ದಸರಾ ಮುಗೀತು, ಎರಡೂ ರೋಲ್ ತೊಳೆದಾಯ್ತು, ಹೇಳಿ ಹೋಗೋಣ ಅಂತ ಬಂದೆ. ಮೊದಲ ರೋಲ್‌ನಲ್ಲಿ ಭಯಕ್ಕೆ ಮೆಲ್ಲಗೆ ಅಲ್ಲಾಡಿಸಿದೆ. ಸ್ಕ್ಯಾನ್ ಮಾಡಿದ್ರೆ ಅರಮನೆ ಮೇಲೆ ಆಕಾಶ ತುಂಬಾ ನಕ್ಷತ್ರ! ಅಪ್ಪ "ಎಷ್ಟ್ ಚೆನ್ನಾಗಿ ಬಂದಿದೆ ನೋಡು, ಕಣ್ಣಿಗೇ ಕಂಡಿರ್ಲಿಲ್ಲ" ಅಂತ ಖುಷಿಪಟ್ರು. ಆಮೇಲೆ ನೋಡಿದ್ರೆ ಜನರ ಮುಖದ ಮೇಲೂ ನಕ್ಷತ್ರ, ಆನೆ ಮೇಲೂ ನಕ್ಷತ್ರ. ನೆಗೆಟಿವ್ ಮೇಲೆ ಉಳಿದ ಮಸಿ ಚುಕ್ಕಿ. ಎರಡನೇ ರೋಲ್ ಮಜ್ಜಿಗೆ ಕಡೆದಂಗೇ ಕಡೆದೆ, ಗಾಜಿನಷ್ಟು ಕ್ಲೀನ್. ಆ ಅರಿಶಿನ ಬಣ್ಣ ನೀವು ಹೇಳಿದಂಗೇ ಬಂತು, ಕೆಂಪು ಹೊಳಪು ನೆನಪೂ ಆಗ್ಲಿಲ್ಲ. ಮೊದಲನೇದನ್ನ ಉಳಿಸ್ಕೊಳ್ಳೋಕೆ ದಾರಿ ಇದ್ಯಾ?

ಕತ್ತಲೆಕೋಣೆ:
ಇದೆ, ಪೂರ್ತಿ ಅಲ್ಲ. ಅದೇ ಸೋಡಾ ನೀರಲ್ಲಿ ಐದು ನಿಮಿಷ ನೆನೆಸಿ, ಹೊಳಪು ಬದಿನ ಹತ್ತಿ ಬಟ್ಟೇಲಿ ನಿಧಾನಕ್ಕೆ ಒರೆಸಿ, ಚೆನ್ನಾಗಿ ತೊಳೆದು, ನಿಮ್ಮ ಕಿಟ್‌ನ ಕೊನೆ ರಿನ್ಸ್‌ನಲ್ಲಿ ಅದ್ದಿ ಮತ್ತೆ ಒಣಗಿಸಿ. ಹಿಂಬದಿ ಇರೋ ಚುಕ್ಕಿ ಹೋಗುತ್ತೆ. ಕಿತ್ತು ಬಂದು ಇಮಲ್ಷನ್ ಬದಿಗೆ ಅಂಟಿರೋದು ಹೋಗಲ್ಲ, ಅದನ್ನ ಉಜ್ಜೋಕೆ ಹೋದ್ರೆ ಅರಮನೆನೇ ಹೋಗುತ್ತೆ.

ಹುಬ್ಳಿ ಮಂದಿ:
ಆಕಾಶದಾಗಿನ ಚುಕ್ಕಿ ಹಂಗ ಬಿಡ್ರಿ ಅಕ್ಕಾರ, ಅಪ್ಪಾರಿಗೆ ಹೇಳಬ್ಯಾಡ್ರಿ. ಆನಿ ಮ್ಯಾಲಿಂದು ಅಷ್ಟ ಒರಸ್ರಿ.