ಗ್ಯಾರಿ ಸ್ಪೀಡ್ ಮ್ಯಾನೇಜರ್ ಆಗಿದ್ದು ಬರೇ 10 ಮ್ಯಾಚ್, ಆದ್ರೂ ವೇಲ್ಸ್ ಟೀಮ್ ಕಟ್ಟಿದವ್ರು ಅವ್ರ ಅಂತ ಯಾಕ ಅಂತಾರ?

ಹುಬ್ಬಳ್ಳಿ_ಎಡಗಾಲ

ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳ್ಯಾಗ ಸಾಲಿ ಹುಡುಗ್ರಿಗೆ ಸಂಜಿಮುಂದ ಫುಟ್ಬಾಲ್ ಕಲಿಸ್ತೇನಿ, ದೊಡ್ಡ ಕೋಚ್ ಏನಲ್ಲ, ಲೈಸೆನ್ಸ್ ಇನ್ನೂ ಮಾಡಬೇಕು. ಮೊನ್ನಿ ನಮ್ಮ ಅಣ್ಣಂಗೂ ನಂಗೂ ಊಟಕ್ಕ ಕುಂತಾಗ ಜಗಳಾನ ಆತು ಅಂದ್ರೂ ನಡಿತೈತಿ. 2016ರ ಯೂರೋದಾಗ ವೇಲ್ಸ್ ಸೆಮಿಫೈನಲ್ ತನಕ ಹೋತಲ್ರಿ, ಬೆಲ್ಜಿಯಂಗ 3-1 ಹೊಡದ್ರು, ಅದಕ್ಕ ಬುನಾದಿ ಹಾಕಿದವ್ರು ಗ್ಯಾರಿ ಸ್ಪೀಡ್ ಅಂತ ನಾ ಅಂದೆ. ಅದಕ್ಕ ಅಣ್ಣ ಅಂದ, ಅಂವ ಮ್ಯಾನೇಜರ್ ಆಗಿ ಆಡ್ಸಿದ್ದ ಹತ್ತು ಮ್ಯಾಚ್, ಅದ್ರಾಗ ಐದು ಸೋತಾರ, ಸಣ್ಣ ವಯಸ್ಸಿನ್ಯಾಗ ತೀರ್ಕೊಂಡ್ರು ಅಂತ ಎಲ್ಲಾರೂ ಕನಿಕರಕ್ಕ ಹಂಗ ಅಂತಾರ ಅಷ್ಟ, ಟೀಮ್ ಕಟ್ಟಿದಾಂವ ಅವ್ರ ನಂತರ ಮ್ಯಾನೇಜರ್ ಆದ ಕ್ರಿಸ್ ಕೋಲ್ಮನ್ ಅಂತ.

ನನ್ಗ ಉತ್ತರ ಕೊಡಾಕ ಆಗ್ಲಿಲ್ಲ. ಮನಸ್ಸಿಗೆ ಗೊತ್ತೈತಿ ಇದು ಕನಿಕರ ಅಲ್ಲಂತ, ಆದ್ರ ಹೇಳಾಕ ಬರವಲ್ದು. ಅವ್ರು ಆಡೂದು ನೋಡಿದವ್ರು ಇಲ್ಲಿ ಯಾರರ ಇದ್ರ ಆಟಗಾರನಾಗಿ ಹೆಂಗಿದ್ರು, ಮ್ಯಾನೇಜರ್ ಆಗಿ ಖರೇನ ಏನ್ ಬದಲಿ ಮಾಡಿದ್ರು ಅನ್ನೂದನ್ನ ಸ್ವಲ್ಪ ಬಿಡಿಸಿ ಹೇಳ್ರಿ.

ಧಾರವಾಡ_ಜಿಟಿಜಿಟಿ_ಮಳಿ

ತಮ್ಮಾ, ನಾ 90ರ ದಶಕದ ಕಡಿಂದ ನೋಡ್ಲಿಕ್ಕೆ ಹತ್ತಿದವ, ಕೇಬಲ್ ಬಂದ ಹೊಸದ್ರಾಗ. ಆಗ ವೇಲ್ಸ್ ಆಟಗಾರ ಅಂದ್ರ ಎಲ್ಲಾರ ಕಣ್ಣೂ ರಯಾನ್ ಗಿಗ್ಸ್ ಮ್ಯಾಲೆ. ಸ್ಪೀಡ್ ಹಂಗ ಕಣ್ಣಿಗೆ ಹೊಡಿಯೂ ಆಟಗಾರ ಅಲ್ಲ, ನಾಲ್ಕು ಮ್ಯಾಚ್ ನೋಡಿದ ಮ್ಯಾಲೆ ತಿಳಿತಿತ್ತು, ಅರೆ ಪ್ರತಿ ಸಲ ಬಾಕ್ಸಿನ್ಯಾಗ ಹೆಡರ್‌ಗೆ ಹಾರಾಂವ ಇವನ, ಮತ್ತ ಹತ್ತು ಸೆಕೆಂಡಿಗೆ ಈ ಕಡೆ ಬಾಕ್ಸಿನ್ಯಾಗ ಬಾಲ್ ತಡಿಯಾಂವನೂ ಇವನ ಅಂತ.

ಹುಟ್ಟಿದ್ದು 1969ರಾಗ, ಫ್ಲಿಂಟ್‌ಶೈರ್‌ದ ಮ್ಯಾಂಕಟ್ ಅನ್ನೋ ಊರಾಗ. ಲೀಡ್ಸ್ ಯುನೈಟೆಡ್‌ನಾಗ ಟ್ರೇನಿ ಆಗಿ ಬೆಳದು 1990ಕ್ಕ ಸೆಕೆಂಡ್ ಡಿವಿಜನ್ ಗೆದ್ದು ಮ್ಯಾಲೆ ಬಂದ್ರು, ಎರಡ ವರ್ಷಕ್ಕ, 1992ರಾಗ, ಇಂಗ್ಲೆಂಡಿನ ಲೀಗ್ ಚಾಂಪಿಯನ್! ಪ್ರೀಮಿಯರ್ ಲೀಗ್ ಶುರು ಆಗೂಕಿಂತ ಮುಂಚಿನ ಕಡೀ ಚಾಂಪಿಯನ್ ಅವ್ರ. ಆ ಮಿಡ್‌ಫೀಲ್ಡ್ ನೋಡು, ಬಲಕ್ಕ ಸ್ಟ್ರಾಕನ್, ನಡು ಮ್ಯಾಕಲಿಸ್ಟರ್ ಮತ್ತ ಬ್ಯಾಟಿ, ಎಡಕ್ಕ 22ರ ಹುಡುಗ ಸ್ಪೀಡ್. ಸ್ಟ್ರಾಕನ್ ಲೀಡ್ಸ್‌ಗೆ ಬಂದಾಗನ 32 ದಾಟಿತ್ತು, ಮುಂದ 40ರ ತನಕ ಆಡಿದ. ಮೈ ಹೆಂಗ ಕಾಯ್ಕೋಬೇಕು ಅನ್ನೂದನ್ನ ಬಾಜೂಕ ಅಂಥವ್ರನ್ನ ನೋಡಿನ ಸ್ಪೀಡ್ ಕಲ್ತಿದ್ದು ಅಂತ ನನ್ನ ಅಂದಾಜು, ಯಾಕಂದ್ರ ಮುಂದ ಅವ್ರದೂ ಹಂಗ ಆತು. 1996ಕ್ಕ ಎವರ್ಟನ್, ಸಣ್ಣಂದಿನಿಂದ ಅವ್ರು ಪ್ರೀತಿ ಮಾಡಿದ ಕ್ಲಬ್, ಅಲ್ಲಿ ಕ್ಯಾಪ್ಟನ್ ಆದ್ರು. 1998ಕ್ಕ ನ್ಯೂಕಾಸಲ್, ಎರಡು ಎಫ್ಎ ಕಪ್ ಫೈನಲ್ ಸಾಲಾಗಿ ಸೋತ್ರು. 2004ಕ್ಕ ಬೋಲ್ಟನ್. ಅಲ್ಲೆ 2006ರ ಡಿಸೆಂಬರ್‌ದಾಗ ಪ್ರೀಮಿಯರ್ ಲೀಗ್‌ದಾಗ 500 ಮ್ಯಾಚ್ ಆಡಿದ ಮೊದಲನೇ ಆಟಗಾರ ಅನಿಸ್ಕೊಂಡ್ರು, 37ನೇ ವಯಸ್ಸಿನ್ಯಾಗ, ಮಿಡ್‌ಫೀಲ್ಡ್‌ದಾಗ! ಕಡೀಗೆ 535ಕ್ಕ ನಿಂತಿತು.

ನ್ಯೂಕಾಸಲ್‌ದ ಒಂದು ಮಾತು ಹೇಳ್ದಿದ್ರ ಸಮಾಧಾನ ಆಗೂದಿಲ್ಲ. 2002ರ ಚಾಂಪಿಯನ್ಸ್ ಲೀಗ್, ಬಾಬಿ ರಾಬ್ಸನ್ ಮ್ಯಾನೇಜರ್, ಗ್ರೂಪಿನ್ಯಾಗ ಮೊದಲಿನ ಮೂರೂ ಮ್ಯಾಚ್ ಸೋತು ಕುಂತಿದ್ರು, ಆಮ್ಯಾಲಿನ ಮೂರೂ ಗೆದ್ದು ಮುಂದಿನ ಸುತ್ತಿಗೆ ಹೋದ್ರು. ಅದಕ್ಕಿಂತ ಮುಂಚೆ ಯಾವ ಟೀಮೂ ಹಂಗ ಮಾಡಿದ್ದಿಲ್ಲ. ಡೈನಮೋ ಕೀವ್ ಮ್ಯಾಲೆ ಸ್ಪೀಡ್ ಗೋಲ್ ಹೊಡದಿದ್ರು, ಫೆಯನೂರ್ಡ್ ಮ್ಯಾಲೆ ಕಡೀ ನಿಮಿಷದ ಗೋಲ್ ಕ್ರೇಗ್ ಬೆಲಾಮಿದು. ಈಗ ನೋಡು, 2024ರ ಜುಲೈದಾಗ ವೇಲ್ಸ್ ಮ್ಯಾನೇಜರ್ ಆಗಿದ್ದು ಅದ ಬೆಲಾಮಿ.

ವೇಲ್ಸ್ ಪರ 85 ಮ್ಯಾಚ್, ಅದ್ರಾಗ 44ಕ್ಕ ಕ್ಯಾಪ್ಟನ್. ಆದ್ರ ಒಂದ ಒಂದು ದೊಡ್ಡ ಟೂರ್ನಮೆಂಟ್ ಆಡ್ಲಿಕ್ಕೆ ಸಿಗಲಿಲ್ಲ ಆ ಮನಷ್ಯಾಗ. 1993ರ ನವೆಂಬರ್‌ದಾಗ ರೊಮೇನಿಯಾ ಮ್ಯಾಲೆ ಗೆದ್ರ ಅಮೆರಿಕಾದ ವರ್ಲ್ಡ್ ಕಪ್‌ಗೆ ಹೋಗ್ತಿದ್ರು, ಸ್ಕೋರ್ 1-1, ಬಾಕ್ಸಿನ್ಯಾಗ ಸ್ಪೀಡ್‌ನ ಕೆಡವಿದ್ರು, ಪೆನಾಲ್ಟಿ ಸಿಕ್ಕಿತು, ಪಾಲ್ ಬೋಡಿನ್ ಹೊಡದದ್ದು ಮ್ಯಾಲಿನ ಕಂಬಕ್ಕ ಬಡೀತು, ಕಡೀಗೆ 2-1 ಸೋತ್ರು. ಹತ್ತು ವರ್ಷದ ಮ್ಯಾಲೆ 2003ರಾಗ ಯೂರೋ ಪ್ಲೇಆಫ್, ಕ್ಯಾಪ್ಟನ್ ಅವ್ರ, ಮಾಸ್ಕೋದಾಗ 0-0 ಮಾಡಿ ಬಂದು ಕಾರ್ಡಿಫ್‌ನಾಗ ಒಂದು ಗೋಲಿಗೆ ಸೋತ್ರು. ಆ ನೋವು ಗೊತ್ತಿದ್ದವ್ರು ಮ್ಯಾನೇಜರ್ ಆದ್ರು ಅನ್ನೂದನ್ನ ನಿಮ್ಮ ಅಣ್ಣಗ ಮೊದಲ ಹೇಳು. ಮುಂದಿನದನ್ನ ಕೋಚಿಂಗ್ ಬಲ್ಲವ್ರು ಹೇಳ್ಲಿ.

ಹಾವೇರಿ_ಸ್ಟಾಪರ್

ನಿಮ್ಮ ಅಣ್ಣ ಹೇಳಿದ್ರಾಗನೂ ಅರ್ಧ ಖರೆ ಐತಿ ನೋಡ್ರಿ. ನನ್ಗೂ ಸ್ಪೀಡ್ ಅಂದ್ರ ಭಾಳ ಗೌರವ, ಆದ್ರ ಲೆಕ್ಕ ಲೆಕ್ಕಾನ. ಮುಂದ ವೇಲ್ಸ್‌ನ ದೊಡ್ಡ ಸ್ಟಾರ್ ಆದ ಬೇಲ್‌ಗ 16ನೇ ವಯಸ್ಸಿಗೆ 2006ರಾಗ ವೇಲ್ಸ್ ಜರ್ಸಿ ಹಾಕ್ಸಿದಾಂವ ಸ್ಪೀಡ್‌ಗಿಂತ ಮುಂಚಿನ ಮ್ಯಾನೇಜರ್ ಜಾನ್ ತೊಶಾಕ್. ರಾಮ್ಸೆನ್ನ 2008ಕ್ಕ ಇಳಿಸಿದಾಂವನೂ ತೊಶಾಕ್. ಕೆಳಗ ಅಂಡರ್-21 ಹುಡುಗ್ರನ್ನ ಹುಡಿಕಿ ತಂದು ಬೆಳಸಿದಾಂವ ಬ್ರಯಾನ್ ಫ್ಲಿನ್. ಆಗ ಸೋತು ಸೋತು ತೊಶಾಕ್ ಎಷ್ಟು ಬೈಸ್ಕೊಂಡ, 2010ರಾಗ ಹೊಂಟ ಹೋದ. ನಮ್ಮ ಕಡೆ ಹೇಳೂದಾದ್ರ ಹೊಲಾ ಹರಗಿದವ್ರು ಅವ್ರು, ಬಿತ್ತಿದವ್ರೂ ಅವ್ರ. ಸ್ಪೀಡ್ ಎಡಿ ಹೊಡದ್ರು, ರಾಶಿ ಮಾಡಿದಾಂವ ಕೋಲ್ಮನ್.

ಮತ್ತ ಕೋಲ್ಮನ್‌ದು ಏನ್ ಸಸಾರ ಕೆಲಸ ಅಲ್ರೀ. ತನ್ನ ಸಣ್ಣಂದಿನ ಗೆಳ್ಯಾ ಸತ್ತ ಜಾಗಾಕ್ಕ ಬಂದು ಕುಂದ್ರೂದು ಅಂದ್ರ ಹೆಂಗಿರಬೇಕು? ಮೊದಲಿನ ಐದೂ ಮ್ಯಾಚ್ ಸೋತ, ಸರ್ಬಿಯಾ ಕೈಲೆ 6-1. ಅಷ್ಟಾದ ಮ್ಯಾಲೂ ಎದ್ದು ನಿಂತು 2016ಕ್ಕ ಒಯ್ದ. ಹಂಗಾಗಿ ಎಲ್ಲಾ ಶ್ರೇಯ ಒಬ್ರಿಗೆ ಕಟ್ಟಬ್ಯಾಡ್ರಿ ಅಂತ ನನ್ನ ಮಾತು.

ಗದಗ_ನಂಬರ್_ಆರು

ಸ್ಟಾಪರ್ ಅಣ್ಣಾರ, ತೊಶಾಕ್ ಮತ್ತ ಫ್ಲಿನ್ ಬಗ್ಗೆ ನೀವು ಹೇಳಿದ್ದು ನೂರಕ್ಕ ನೂರು ಒಪ್ತೇನಿ. ಆದ್ರ ಎಡಿ ಹೊಡದ್ರು ಅಂತ ಒಂದ ಮಾತಿನ್ಯಾಗ ಮುಗಿಸಿದ್ರಲ್ಲ, ಅಲ್ಲೇ ನನ್ನ ತಕರಾರು. ನಾನೂ ಹುಡುಗ್ರಿಗೆ ಆಡಸಾಂವ, ನಮಗ ಕಲಿಯೂದು ಇರೂದ ಅಲ್ಲಿ.

ಮೊದ್ಲ ಆ ಹತ್ತು ಮ್ಯಾಚ್ ಬಿಡಿಸಿ ನೋಡೂಣು. ಶೆಫೀಲ್ಡ್ ಯುನೈಟೆಡ್‌ನಾಗ 2010ರ ಆಗಸ್ಟ್‌ದಿಂದ ನಾಲ್ಕು ತಿಂಗಳ ಮ್ಯಾನೇಜರ್ ಆಗಿದ್ರು, ಡಿಸೆಂಬರ್‌ಗೆ ವೇಲ್ಸ್ ಕರೀತು, ಬಂದ್ರು. 2011ರ ಫೆಬ್ರವರಿಗೆ ಡಬ್ಲಿನ್‌ದಾಗ ಐರ್ಲೆಂಡ್ ಕೈಲೆ 3-0 ಸೋಲು. ಮಾರ್ಚ್‌ಗೆ ಇಂಗ್ಲೆಂಡ್ ಕೈಲೆ 2-0. ಮೇದಾಗ ಸ್ಕಾಟ್ಲೆಂಡ್ ಕೈಲೆ 3-1, ನಾರ್ದರ್ನ್ ಐರ್ಲೆಂಡ್ ಮ್ಯಾಲೆ 2-0 ಗೆಲುವು. ಆಗಸ್ಟ್‌ಗೆ ಆಸ್ಟ್ರೇಲಿಯಾ ಕೈಲೆ 2-1. ಅಂದ್ರ ಐದರಾಗ ನಾಲ್ಕು ಸೋಲು, ಫಿಫಾ ರ‍್ಯಾಂಕಿಂಗ್ 117, ವೇಲ್ಸ್ ಇತಿಹಾಸದಾಗ ಅಷ್ಟು ಕೆಳಗ ಯಾವತ್ತೂ ಹೋಗಿದ್ದಿಲ್ಲ. ನಮ್ಮಲ್ಲಿ ಆಗಿದ್ರ ಆ ಹೊತ್ತಿಗೆ ಕೋಚ್‌ನ ಮನಿಗೆ ಕಳಿಸಿಬಿಡ್ತಿದ್ರು.

ಈಗ ಉಳಿದ ಐದು. ಮಾಂಟೆನಿಗ್ರೋ ಮ್ಯಾಲೆ 2-1. ವೆಂಬ್ಲಿಯಾಗ ಇಂಗ್ಲೆಂಡ್ ಕೈಲೆ 1-0 ಸೋತ್ರು, ಆದ್ರ ಆ ಮ್ಯಾಚ್ ಕಡೀಕಡೀಗೆ ವೇಲ್ಸ್‌ನ ಅರ್ನ್‌ಶಾ ಖಾಲಿ ಗೋಲ್ ಮುಂದ ನಿಂತು ಮ್ಯಾಲೆ ಹೊಡದ, ಇಲ್ಲಂದ್ರ ಡ್ರಾ ಆಗ್ತಿತ್ತು. ಆಮ್ಯಾಲೆ ಸ್ವಾನ್ಸಿಯಾಗ ಸ್ವಿಟ್ಜರ್ಲೆಂಡ್ ಮ್ಯಾಲೆ 2-0, ಸೋಫಿಯಾದಾಗ ಬಲ್ಗೇರಿಯಾ ಮ್ಯಾಲೆ 1-0, ನವೆಂಬರ್ 12ಕ್ಕ ನಾರ್ವೆ ಮ್ಯಾಲೆ 4-1. ಅಕ್ಟೋಬರ್‌ಗೆ ರ‍್ಯಾಂಕಿಂಗ್ 45. ಆ ವರ್ಷ ಜಗತ್ತಿನ್ಯಾಗ ಎಲ್ಲಾರಕಿಂತ ಜಾಸ್ತಿ ರ‍್ಯಾಂಕಿಂಗ್ ಪಾಯಿಂಟ್ ಗಳಿಸಿದ ದೇಶ ವೇಲ್ಸ್. ಸೋತದ್ದೂ ಐದು ಗೆದ್ದದ್ದೂ ಐದು ಅಂತ ಕೂಡಿಸಿದ್ರ ಏನೂ ಕಾಣಂಗಿಲ್ಲ, ಸಾಲಾಗಿ ಇಟ್ಟು ನೋಡ್ರಿ, ಎದ್ದು ಕಾಣತೈತಿ.

ಅದೇ ಹುಡುಗ್ರು ಮತ್ತ. ಹಂಗಾರ ಬದಲಿ ಆಗಿದ್ದೇನು? ಮೈ ಕಾಯೂ ಪದ್ಧತಿ. ಸ್ಪೀಡ್ ತಮ್ಮ ಜೋಡಿ ರೇಮಂಡ್ ವೆರ್‌ಹೈಯನ್ ಅನ್ನೋ ಡಚ್ ಕೋಚ್‌ನ್ನ ಕರ್ಕೊಂಡ್ ಬಂದ್ರು, 2002ರ ವರ್ಲ್ಡ್ ಕಪ್‌ದಾಗ ಹಿಡ್ಡಿಂಕ್ ಜೋಡಿ ಕೊರಿಯಾ ಟೀಮಿಗೆ ಕೆಲಸ ಮಾಡಿದಾಂವ. ಅವ್ನ ವಾದ ಇಷ್ಟ: ಕ್ಲಬ್ ಮ್ಯಾಚ್ ಆಡಿ ದಣದು ಬಂದ ಆಟಗಾರಗ ಕ್ಯಾಂಪಿನ್ಯಾಗ ಮತ್ತ ಓಡ್ಸಿ ಓಡ್ಸಿ ಮಾಡಿದ್ರ ಸ್ನಾಯು ಹರಿತೈತಿ, ಮೊದ್ಲ ದಣಿವು ಇಳೀಲಿ, ಆಮ್ಯಾಲೆ ಕಡಿಮಿ ಹೊತ್ತು, ಆದ್ರ ಪೂರಾ ವೇಗದಾಗ ಆಡಸ್ರಿ ಅಂತ. ವೇಲ್ಸ್‌ನಂಥ ಸಣ್ಣ ದೇಶಕ್ಕ ಇದು ಜೀವದ ಪ್ರಶ್ನೆ ಇದ್ದಂಗ. ಇಂಗ್ಲೆಂಡಿಗೆ ಒಬ್ಬ ಬಿದ್ರ ಇನ್ನೊಬ್ಬ ಅದಾನ, ಇಲ್ಲಿ ಬೇಲ್ ಬಿದ್ರ ಬೇಲ್ ಜಾಗಾಕ್ಕ ಯಾರದಾರ? ಸ್ವತಃ 38ರ ತನಕ ಪ್ರೀಮಿಯರ್ ಲೀಗ್ ಆಡಿದ ಮನಷ್ಯಾಗ ಇದ್ರ ಬೆಲೆ ಗೊತ್ತಿತ್ತು.

ಎರಡನೇದು ಅವ್ರ ಧೈರ್ಯ. ರಾಮ್ಸೆ ಕಾಲು 2010ರ ಫೆಬ್ರವರಿದಾಗ ಮುರದಿತ್ತು, ವಾಪಸ್ ಬಂದು ಇನ್ನೂ ಸರಿಯಾಗಿ ಕಾಲೂರಿದ್ದಿಲ್ಲ, ಅಂಥಾ 20 ವರ್ಷದ ಹುಡುಗನ್ನ ಇಂಗ್ಲೆಂಡ್ ಮ್ಯಾಚಿಗೆ ಕ್ಯಾಪ್ಟನ್ ಮಾಡಿದ್ರು. ಟೀಮಿನ್ಯಾಗ ಎಲ್ಲಾರೂ ವೆಲ್ಶ್ ಭಾಷೆಯಾಗ ರಾಷ್ಟ್ರಗೀತೆ ಕಲೀಬೇಕು ಅಂದ್ರು, ಯಾಕಂದ್ರ ಭಾಳ ಮಂದಿಗೆ ಆ ಭಾಷಾನ ಬರ್ತಿದ್ದಿಲ್ಲ. ಗೋಲ್‌ಕೀಪರ್‌ನಿಂದ ಸಣ್ಣ ಪಾಸ್ ಆಡ್ಕೊಂತ ಬರೂ ಆಟ ಕಲಿಸಿದ್ರು. ಗರಡಿಮನಿ ಊರವ್ರು ನಾವು, ನಮಗ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ: ಪೈಲ್ವಾನಕಿ ಬ್ಯಾರೆ, ವಸ್ತಾದಕಿ ಬ್ಯಾರೆ. ದೊಡ್ಡ ಪೈಲ್ವಾನ್ರು ಎಷ್ಟೋ ಮಂದಿ ವಸ್ತಾದ ಆಗಾಕ ಹೋಗಿ ತಮ್ಮ ಪಟ್ಟನ್ನ ಹುಡುಗ್ರ ಮ್ಯಾಲೆ ಹೇರ್ತಾರ. ಸ್ಪೀಡ್ ಹಂಗ ಮಾಡ್ಲಿಲ್ಲ. ತಾವು ಆಡಿದ್ದು ಓಡಿ ಹೆಡರ್ ಹೊಡಿಯೂ ಆಟ, ಕಲಿಸಿದ್ದು ಆ ಹುಡುಗ್ರ ಕಾಲಿಗೆ ಒಗ್ಗೂ ಆಟ.

ಧಾರವಾಡ_ಜಿಟಿಜಿಟಿ_ಮಳಿ

ಕಡೀ ಮಾತು ಭಾಳ ಛಲೋ ಹೇಳಿದಿ ಗದಗದ ತಮ್ಮಾ. 2003ರ ಆ ವೇಲ್ಸ್ ಆಟ ನೆನಸ್ಕೊಂಡ್ರ ನಿನ್ನ ಮಾತು ಖರೆ ಅನಸ್ತದ.

ನವಲಗುಂದ_ಹುಡುಗಿ

ನಾ ಫುಟ್ಬಾಲ್ ಆಡ್ದಾಕಿ ಅಲ್ರಿ, ಕಾಲೇಜ್ ಹಾಸ್ಟೆಲ್‌ನ್ಯಾಗ ಗೆಳತ್ಯಾರ ಜೋಡಿ ನೋಡಾಕಿ. ಆ ದಿನ ನಂಗ ನೆನಪೈತಿ, 2011 ನವೆಂಬರ್ 27, ರವಿವಾರ. ಹಿಂದಿನ ದಿನ ಶನಿವಾರ ಬಿಬಿಸಿ ಕಾರ್ಯಕ್ರಮದಾಗ ಕುಂತು ನಕ್ಕೊಂತ ಮಾತಾಡಿದ್ರು, ಮರುದಿನ ಇಲ್ಲಂದ್ರ ಇಲ್ಲ. 42 ವಯಸ್ಸು. ಸ್ವಾನ್ಸಿ ಮತ್ತ ಆಸ್ಟನ್ ವಿಲ್ಲಾ ಮ್ಯಾಚಿತ್ತು ಅವತ್ತು, ಮೌನ ಆಚರಿಸಬೇಕು ಅಂತ ನಿಂತ ಮಂದಿ ತಾವಾಗೇ ಚಪ್ಪಾಳಿ ಹೊಡಿಯಾಕ ಹತ್ತಿದ್ರು, ನ್ಯೂಕಾಸಲ್‌ನಾಗ ಅವ್ರ ಜೋಡಿ ಆಡಿದ್ದ ಶೇ ಗಿವನ್ ಗೋಲ್ ಕಡೆ ನಿಂತು ಅಳಾಕತ್ತಿದ್ದ. ಲಿವರ್‌ಪೂಲ್ ಮ್ಯಾಚ್ ಆಡಬೇಕಿದ್ದ ಬೆಲಾಮಿನ್ನ ಅಲ್ಲಿನ ಮ್ಯಾನೇಜರ್ ಡಾಲ್ಗ್ಲಿಶ್ ಆಡಬ್ಯಾಡಪಾ ಅಂತ ಬಿಟ್ರು.

ಯಾಕ ಹಂಗಾತು ಅಂತ ಇಲ್ಲಿ ಯಾರೂ ಊಹಾ ಮಾಡೂದು ಬ್ಯಾಡ್ರಿ, ವಿಚಾರಣಿ ಮಾಡಿದ ಅಧಿಕಾರಿನೂ ಅವ್ರ ಮನಸ್ಸಿನ್ಯಾಗ ಏನಿತ್ತು ಅಂತ ಖಚಿತ ಹೇಳಾಕ ಆಗಲ್ಲ ಅಂದಾರ. ನಾ ಹೇಳಾಕ ಬಂದಿದ್ದು ಬ್ಯಾರೆ. ನಗೂ ಮುಖ ನೋಡಿ ಎಲ್ಲಾ ಆರಾಮ್ ಅದಾರ ಅಂತ ನಾವು ತಿಳ್ಕೊಂಡ್ ಬಿಡ್ತೇವಿ. ಇದನ್ನ ಓದಾಕತ್ತಿದವ್ರಾಗ ಯಾರಿಗರ ಮನಸ್ಸಿಗೆ ಭಾಳ ಭಾರ ಆಗಿದ್ರ ಟೆಲಿ ಮಾನಸ್ ಅಂತ ಸರ್ಕಾರದ್ದ ನಂಬರ್ ಐತಿ, 14416, ಪುಕ್ಕಟೆ, ಹಗಲೂ ರಾತ್ರಿ ಇರತೈತಿ, ಕನ್ನಡದಾಗನ ಮಾತಾಡ್ತಾರ. ಮಾತಾಡ್ರಿ.

ಹಾವೇರಿ_ಸ್ಟಾಪರ್

ಅಕ್ಕಾರ, ಛಲೋ ಮಾಡಿದ್ರಿ ಹೇಳಿ.

ಗದಗದವ್ರಿಗೆ: ಮ್ಯಾಚ್ ಸಾಲಾಗಿ ಇಟ್ಟು ನೋಡ್ರಿ ಅಂದದ್ದು ನನ್ಗ ನಾಟಿತು. ಸರ್ಬಿಯಾದ 6-1 ಆದಮ್ಯಾಲೆ ಕೋಲ್ಮನ್‌ನೂ ತನ್ನ ದಾರಿ ತಾ ಹಿಡದ, ಮುಂದಿನ ತಿಂಗಳ ಸ್ಕಾಟ್ಲೆಂಡ್‌ಗೆ 2-1 ಹೊಡದ್ರು, 2015ಕ್ಕ ರ‍್ಯಾಂಕಿಂಗ್ 8. ಆದ್ರ 2016ರಾಗ ಆಡಿದವ್ರನ್ನ ನೋಡಿದ್ರ ಹೆನ್ನೆಸ್ಸಿ, ಆಶ್ಲಿ ವಿಲಿಯಮ್ಸ್, ಆಲನ್, ರಾಮ್ಸೆ, ಬೇಲ್, ವೋಕ್ಸ್, ಎಲ್ಲಾ ಸ್ಪೀಡ್ ಕೈಯಾಗ ಇದ್ದವ್ರ. ನಾವು ಗೆಲ್ಲೂ ಟೀಮ್ ಅಂತ ಆ ಹುಡುಗ್ರಿಗೆ ಮೊದಲು ಅನ್ನಿಸಿದ್ದು ಆ ಮೂರು ತಿಂಗಳದಾಗ ಅಂತ ಒಪ್ಕೊಂತೇನಿ. ತೊಶಾಕ್‌ನ ಹೆಸರ ಮಾತ್ರ ಮರೀಬ್ಯಾಡ್ರಿ.

ಹುಬ್ಬಳ್ಳಿ_ಎಡಗಾಲ

ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರೀ. ಅಣ್ಣಗ ಮೊಬೈಲ್ ಕೊಟ್ಟು ಪೂರಾ ಓದಿಸ್ದೆ. ರೊಮೇನಿಯಾ ಪೆನಾಲ್ಟಿ ಕತಿ ಓದಿ ಸುಮ್ನ ಕುಂತ, ಆಮ್ಯಾಲೆ ಆ ನಾರ್ವೆ ಮ್ಯಾಚ್ ಎಲ್ಲರ ಸಿಗತೈತೇನು ನೋಡು, ಇಬ್ರೂ ಕುಂತು ನೋಡೂಣು ಅಂದ.

ಗದಗ ಅಣ್ಣಾರ ನಿಮ್ಗ ಒಂದ ಪ್ರಶ್ನೆ. ನಾ ಸಾಲ್ಯಾಗ ಆಡೂ ಮುಂದ ನಮಗ ಕಲಸಾವ್ರು ಒಬ್ರು ಮ್ಯಾಚ್ ಸೋತ್ರ ಮರುದಿನ ಮುಂಜಾನೆ ಹತ್ತು ರೌಂಡ್ ಓಡಸ್ತಿದ್ರು, ಹಂಗ ಓಡಾಕ ಹೋಗಿ ನನ್ನ ತೊಡಿ ಹಿಂದಿನ ಸ್ನಾಯು ಹರೀತು, ಇವತ್ತಿಗೂ ಥಂಡ್ಯಾಗ ಹಿಡಿತೈತಿ. ಈಗ ನಾನೂ ಹುಡುಗ್ರಿಗೆ ಅದನ್ನ ಮಾಡಾಕತ್ತೇನಿ ಅಂತ ನಿಮ್ಮ ಮಾತು ಓದಿ ಗೊತ್ತಾತು, ಹೊಟ್ಯಾಗ ಸಂಕಟ ಆತ್ರಿ. ಮುಂದಿನ ವಾರ ಟೂರ್ನಮೆಂಟ್, ಮೂರು ದಿನ ಸಾಲಾಗಿ ಮ್ಯಾಚ್, ನಡು ಪ್ರಾಕ್ಟೀಸ್ ಹೆಂಗ ಮಾಡಸ್ಲಿ?

ಗದಗ_ನಂಬರ್_ಆರು

ಪ್ರಾಕ್ಟೀಸ್ ಮಾಡಸಬ್ಯಾಡೋ ತಮ್ಮಾ, ಮಲಗಸು. ಖರೇನ ಹೇಳಾಕತ್ತೇನಿ. ಮ್ಯಾಚ್ ಮುಗದ ಮ್ಯಾಲೆ ಹೊಟ್ಟಿತುಂಬ ಊಟ, ನೀರು, ರಾತ್ರಿ ಲಗೂ ನಿದ್ದಿ. ಮುಂಜಾನೆ ಹಗರಕ ಹತ್ತು ನಿಮಿಷ ನಡದಾಡಿ ಕೈಕಾಲು ಸಡಲ ಮಾಡ್ಕೊಂಡ್ರ ಸಾಕು. ಯಾವನರ ತೊಡಿ ಹಿಡದೈತಿ ಅಂದ್ರ ಅವನ್ನ ಕುಂದ್ರಸು, ಎಷ್ಟ ಛಲೋ ಆಟಗಾರ ಇದ್ರೂ ಕುಂದ್ರಸು. ಹದಿನಾಲ್ಕು ಹುಡುಗ್ರಿದ್ರ ಹದಿನಾಲ್ಕೂ ಮಂದಿನ್ನ ಮೂರು ದಿನದಾಗ ಹಂಚಿ ಆಡಸು. ಎರಡನೇ ದಿನ ನಾ ಹುಬ್ಬಳ್ಳಿಗೆ ಬರಾಂವ ಅದೇನಿ, ಯಾವ ಮೈದಾನ ಅಂತ ಮೆಸೇಜ್ ಹಾಕು.